ತಂಬೂರಿ, ತಮಟೆ, ಗಿಟಾರು: ಹಳೇ ಗೆಳೆಯರು ಹೊಸ ತಂಡ ಕಟ್ಟುತ್ತಿದ್ದೇವೆ, ನಿಮ್ಮ ಮಾತು ಬೇಕು

ಕೆರೆ ಏರಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾವು ಐದು ಜನ ಸೇರಿ ನಮ್ಮ ಕಡೆಯ ಪದಗಳನ್ನು ಹಾಡುವ ಒಂದು ತಂಡ ಕಟ್ಟುತ್ತಿದ್ದೇವೆ. ಬ್ಯಾಂಡ್ ಅಂದರೆ ನಮ್ಮ ಕಡೆ ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್ಟು ಅಂದುಕೊಳ್ಳುತ್ತಾರೆ. ಅದಕ್ಕೆ ತಂಡ ಅಂತಲೇ ಕರೆಯುತ್ತೇನೆ.

ನಾವು ಹುಡುಗರಲ್ಲ. ನಮ್ಮಲ್ಲಿ ಚಿಕ್ಕವನಿಗೆ 46, ದೊಡ್ಡವರಿಗೆ 67. ನಾನು ಪಿಟೀಲು. ಪಾಠ ಆದದ್ದು ಕರ್ನಾಟಕ ಸಂಗೀತ, ಆದರೆ ಜಾಸ್ತಿ ನುಡಿಸಿದ್ದು ನಾಟಕಗಳಿಗೆ. ಗಿಟಾರಿನ ಗೆಳೆಯ ಕಾಲೇಜು ದಿನದಿಂದ ಬ್ಲೂಸ್ ಹುಚ್ಚಿನವನು, ಹೊಟ್ಟೆಪಾಡಿಗೆ ಇಪ್ಪತ್ತು ವರ್ಷ ಆರ್ಕೆಸ್ಟ್ರಾದಲ್ಲಿ ನುಡಿಸಿದ. ತಮಟೆಯವನು ಮಂಡ್ಯ ಕಡೆಯವನು, ಅದೇ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಕೂಡ ಬಾರಿಸುತ್ತಿದ್ದ. ಕಂಸಾಳೆಗೆ ಒಬ್ಬ ತಮ್ಮ ಇದ್ದಾನೆ, ಅವನೇ 46ರವನು. ಐದನೆಯವರು ತಂಬೂರಿ ಅಣ್ಣ. ಮಳವಳ್ಳಿ ಸೀಮೆಯವರು. ಮಂಟೇಸ್ವಾಮಿ ಪದ, ಮಾದಪ್ಪನ (ಮಲೆ ಮಹದೇಶ್ವರನ) ಪದ, ತತ್ವಪದ, ಎಲ್ಲ ಅವರ ಬಾಯಲ್ಲೇ ಇದೆ. ಮೈಸೂರಿನ ಒಂದು ನಾಟಕಕ್ಕೆ ಹಾಡು ಕಲಿಸಲು ಬಂದಿದ್ದರು. ಆಗಿನಿಂದ ಇಪ್ಪತ್ತೆರಡು ವರ್ಷದ ಸ್ನೇಹ. ಆ ನಾಟಕದ ಮಾತು ಒಂದೂ ನೆನಪಿಲ್ಲ ನನಗೆ. ತಾಲೀಮು ಮುಗಿದ ಮೇಲೆ ಮರದ ಕೆಳಗೆ ಕೂತು ಅವರು ಹಾಡುತ್ತಿದ್ದ ಪದ ಈಗಲೂ ಕಿವಿಯಲ್ಲಿದೆ.

ಈಗ ಯಾಕೆ ಅಂತ ಹೇಳಬೇಕು. ನಮ್ಮ ಢೋಲಕ್ ಗೆಳೆಯ ಕಳೆದ ಕಾರ್ತೀಕದಲ್ಲಿ ತೀರಿಕೊಂಡ. ತಿಥಿಯ ಹಿಂದಿನ ರಾತ್ರಿ ಅವನ ಊರಲ್ಲಿ ತಂಬೂರಿ ಪದ ಇಟ್ಟುಕೊಂಡಿದ್ದರು. ಅಣ್ಣನೇ ಹಾಡಿದರು. ರಾತ್ರಿ ಎರಡು ಗಂಟೆ ಹೊತ್ತಿಗೆ ಗಿಟಾರಿನವನು ಎದ್ದು ಹೋಗಿ ಕಾರಿನಿಂದ ಗಿಟಾರು ತಂದ. ಪಕ್ಕದಲ್ಲಿ ಕೂತು ಒಂದೇ ಒಂದು ತಂತಿ ಮೀಟುತ್ತಾ ಹೋದ. ಬೇರೆ ಏನೂ ಮಾಡಲಿಲ್ಲ. ಅಣ್ಣ ಒಮ್ಮೆ ಅವನ ಕಡೆ ನೋಡಿ ತಲೆ ಆಡಿಸಿದರು, ಹಾಡು ಮುಂದುವರಿಸಿದರು. ಬೆಳಗಿನ ಜಾವದ ತನಕ ಹಾಗೇ ನಡೆಯಿತು. ವಾಪಸ್ ಬರುವಾಗ ಕಾರಲ್ಲಿ ಯಾರೂ ಮಾತಾಡಲಿಲ್ಲ. ಬನ್ನೂರು ದಾಟಿದ ಮೇಲೆ ತಮಟೆಯವನು, “ಇನ್ನು ಯಾರದ್ದಾದರೂ ತಿಥಿಗೆ ಕಾಯೋದು ಬೇಡ, ಸೇರೋಣ” ಅಂದ.

ಸೇರಿದ್ದೇವೆ. ಆದರೆ ಕೆಲವು ವಿಷಯದಲ್ಲಿ ದಾರಿ ಗೊತ್ತಾಗುತ್ತಿಲ್ಲ. ಅಣ್ಣನ ಶ್ರುತಿ ದಿನಕ್ಕೊಂದು ಕಡೆ ಇರುತ್ತದೆ, ಗಿಟಾರನ್ನು ಅದಕ್ಕೆ ಹೇಗೆ ಕೂಡಿಸುವುದು? ರಾತ್ರಿಯಿಡೀ ಹಾಡುವ ಕತೆಯನ್ನು ಒಂದೂವರೆ ಗಂಟೆಯ ಕಾರ್ಯಕ್ರಮಕ್ಕೆ ತರುವುದು ಸರಿಯಾ? ದೇವರ ಪದವನ್ನು ವೇದಿಕೆಗೆ ತರಲು ಯಾರನ್ನು ಕೇಳಬೇಕು? ದುಡ್ಡಿನ ಲೆಕ್ಕ ಮೊದಲೇ ಮಾಡಿಕೊಳ್ಳಬೇಕಾ? ಅನುಭವ ಇದ್ದವರು ದಯವಿಟ್ಟು ಬಿಡಿಸಿ ಹೇಳಿ.

ಮಂಡ್ಯದ ಹಾರ್ಮೋನಿಯಂ

ಓದಿ ತುಂಬಾ ಸಂತೋಷ ಆಯ್ತು ಸಾರ್. ನಾನೂ ಆರ್ಕೆಸ್ಟ್ರಾದಲ್ಲಿ ಹದಿನೆಂಟು ವರ್ಷ ಕೀಬೋರ್ಡ್ ನುಡಿಸಿದವನು. ಈಗ ಭಜನೆ ಮತ್ತು ಪೌರಾಣಿಕ ನಾಟಕಗಳಿಗೆ ಹಾರ್ಮೋನಿಯಂ.

ಶ್ರುತಿ ವಿಷಯ ಹೇಳುತ್ತೇನೆ. ಹಳ್ಳಿ ಕಲಾವಿದರಿಗೆ “ಒಂದೂವರೆ ಮನೆಗೆ ಹಾಡಿ” ಅಂತ ಹೇಳಬೇಡಿ. ಮನೆ ಅಂದರೆ ಹಾರ್ಮೋನಿಯಂ ಕೀಲಿಗಳ ಲೆಕ್ಕದಲ್ಲಿ ಶ್ರುತಿ ಎಷ್ಟು ಎತ್ತರ ಅನ್ನುವುದು. ಹೇಳಿದರೆ ಹಾಡುತ್ತಾರೆ, ಪ್ರೀತಿಗೆ. ಆದರೆ ಆ ಕಂಠ ಬರುವುದಿಲ್ಲ. ನಾನು ಆ ತಪ್ಪು ಮಾಡಿದ್ದೇನೆ. ಒಬ್ಬ ಹಿರಿಯರನ್ನು ನನ್ನ ಪೆಟ್ಟಿಗೆಯ ಎರಡು ಮನೆಗೆ ಹಾಡಿಸಿದೆ. ಎರಡು ಪದ ಆದಮೇಲೆ ಅವರು, “ಆ ಪೆಟ್ಗೇನ ಒಸಿ ಕೆಳುಕ್ಕೆ ಇಳ್ಸಪ್ಪ, ಗಂಟ್ಲು ಕಿತ್ಕಂಡು ಬತ್ತದೆ” ಅಂದರು. ಪೆಟ್ಟಿಗೆಯನ್ನು ಅರ್ಧ ಮನೆ ಇಳಿಸಬಹುದು, ಕಾಲು ಮನೆ ಇಳಿಸಲು ಆಗುವುದಿಲ್ಲ ನೋಡಿ. ಅವರ ಗಂಟಲು ಆ ಕಾಲು ಮನೆಯಲ್ಲೇ ಇತ್ತು. ಅವತ್ತು ನಾನು ಪೆಟ್ಟಿಗೆ ಮುಚ್ಚಿ ತಾಳ ಹಿಡಿದೆ. ಕಾರ್ಯಕ್ರಮ ಚೆನ್ನಾಗಿ ಆಯ್ತು.

ಗಿಟಾರಿಗೆ ಆ ತೊಂದರೆ ಇಲ್ಲ. ತಂತಿ ಸಡಿಲ ಮಾಡಿದರೆ ಎಲ್ಲಿಗೆ ಬೇಕೋ ಅಲ್ಲಿಗೆ ಬರುತ್ತದೆ. ಪಿಟೀಲೂ ಅಷ್ಟೇ. ಆದ್ದರಿಂದ ಅಣ್ಣ ಮೊದಲು ತಂಬೂರಿ ಕೂಡಿಸಿಕೊಳ್ಳಲಿ. ಅವರು “ಹೂಂ” ಅಂದಮೇಲೆ ನೀವು ಕೂಡಿಸಿಕೊಳ್ಳಿ. ಮೊಬೈಲಿನ ಟ್ಯೂನರ್ ಪಕ್ಕಕ್ಕಿಡಿ.

ಬನ್ನೂರಿನವ

ತಾಲೀಮು ಎಲ್ಲಿ ಮಾಡುತ್ತೀರಿ? ನಮ್ಮ ಕಡೆ ಆದರೆ ಹೇಳಿ. ಹಾಡಲು ಬರುವುದಿಲ್ಲ ನನಗೆ, ಕಾರು ಇದೆ. ಯಾರನ್ನಾದರೂ ಕರೆತರಬೇಕು ಅಂದರೆ ಬರುತ್ತೇನೆ.

ತಂಬೂರಿ ಮನೆಯವನು, ಮಳವಳ್ಳಿ ತಾಲ್ಲೂಕು

ನಮ್ಮ ತಾತ, ನಮ್ಮಪ್ಪ ಇಬ್ಬರೂ ನೀಲಗಾರರು, ಅಂದರೆ ಮಂಟೇಸ್ವಾಮಿ ಪದ ಹಾಡುವವರು. ನಾನು ನೌಕರಿಗೆ ಬಂದೆ, ಹಾಡು ಅರ್ಧ ಬರುತ್ತದೆ. ಅದಕ್ಕೆ ನಿಮ್ಮ ಎರಡನೇ, ಮೂರನೇ ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತೇನೆ.

ನೀಲಗಾರ ಆಗಬೇಕು ಅಂದರೆ ದೀಕ್ಷೆ ಇದೆ. ಮಾದಪ್ಪನ ಪದ ಹಾಡುವ ದೇವರಗುಡ್ಡರಿಗೂ ಇದೆ. ಗುರುವಿನ ಕೈಯಿಂದ ಕಂಸಾಳೆ, ಜೋಳಿಗೆ ಪಡೆದವರು ಭಿಕ್ಷೆಗೆ ಹೋಗುತ್ತಾರೆ. ಆ ಕಂಸಾಳೆ ಅವರಿಗೆ ಬರೀ ತಾಳ ಅಲ್ಲ. ಎಡಗೈಯಲ್ಲಿ ಹಿಡಿಯುವ ಕಂಚಿನ ಬಟ್ಟಲು, ಬಲಗೈಯಲ್ಲಿ ದಾರ ಕಟ್ಟಿದ ತಟ್ಟೆ. ನಮ್ಮ ಕಡೆಯ ಮನೆಗಳಲ್ಲಿ ಅದನ್ನು ದೇವರ ಗೂಡಲ್ಲಿ ಇಡುತ್ತಾರೆ. ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಇದನ್ನು ಹೇಳಿದ್ದು ಹೆದರಿಸಲು ಅಲ್ಲ. ಬೀಸು ಕಂಸಾಳೆ ದಸರಾ ಮೆರವಣಿಗೆಗೆ ಬಂದು ಎಷ್ಟೋ ವರ್ಷ ಆಯ್ತು, ವೇದಿಕೆ ಹೊಸದೇನಲ್ಲ. ಆದರೆ ಕೇಳಿ ಹಾಡುವುದಕ್ಕೂ ಕೇಳದೆ ಹಾಡುವುದಕ್ಕೂ ವ್ಯತ್ಯಾಸ ಇದೆ.

ನಿಮ್ಮ ಅಣ್ಣ ದೀಕ್ಷೆ ಆದವರಾದರೆ ಅವರ ಮಾತೇ ಕೊನೆ. ಯಾವ ಪದ ಹಾಡಬಹುದು, ಯಾವುದು ಜಾತ್ರೆಯಲ್ಲೋ ಮನೆಯಲ್ಲೋ ಮಾತ್ರ ಹಾಡುವುದು ಅಂತ ಅವರಿಗೆ ಗೊತ್ತಿರುತ್ತದೆ. ಒಮ್ಮೆ ಎಲ್ಲರೂ ಒಟ್ಟಿಗೆ ಬೊಪ್ಪೇಗೌಡನಪುರಕ್ಕೆ ಹೋಗಿ ಮಂಟೇಸ್ವಾಮಿ ಗದ್ದುಗೆಗೆ ಕೈಮುಗಿದು ಬನ್ನಿ. ಜನವರಿಯ ಬಾನದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆ ಇರುತ್ತದೆ, ಸಿದ್ದಪ್ಪಾಜಿ ಗದ್ದುಗೆ. ಅಲ್ಲಿ ಒಂದು ರಾತ್ರಿ ಸುಮ್ನೆ ಕೂತು ಕೇಳಿ. ವಾದ್ಯ ಒಯ್ಯಬೇಡಿ.

ಕತೆಯನ್ನು ಚಿಕ್ಕದು ಮಾಡುವ ಬಗ್ಗೆ: ನೀವು ಎಲ್ಲಿ ಬೇಕಾದರೂ ಕತ್ತರಿಸಬೇಡಿ. ಮಾದಪ್ಪನ ಕತೆ ಸಾಲು ಸಾಲಾಗಿ ಇದೆ, ಸಂಕಮ್ಮನ ಸಾಲು ಅಂತೆಲ್ಲ. ಸಾಲು ಅಂದರೆ ಕತೆಯ ಒಂದು ದೊಡ್ಡ ಭಾಗ. ಒಂದು ಸಾಲಿನಲ್ಲಿ ಒಂದು ಘಟ್ಟ ತೆಗೆದುಕೊಂಡು ಪೂರ್ತಿ ಹಾಡಿ. ನಡುವೆ ಮಾತಲ್ಲಿ ಕತೆ ಹೇಳುವ ಭಾಗ ಬರುತ್ತದೆ ಅಲ್ವಾ, ಅದನ್ನು ಬಿಡಬೇಡಿ. ಹೊಸ ತಂಡಗಳು ಮೊದಲು ತೆಗೆಯುವುದೇ ಅದನ್ನ. ಬರೀ ಸೊಲ್ಲು (ಹಿಮ್ಮೇಳದವರು ಮತ್ತೆ ಮತ್ತೆ ಹಾಡುವ ಸಾಲು) ಹಿಡಿದು ಕುಣಿಸುತ್ತಾರೆ. ಆ ಮಾತು ಇಲ್ಲದಿದ್ದರೆ ಸಂಕಮ್ಮ ಯಾಕೆ ಅಳುತ್ತಾಳೆ ಅಂತಲೇ ಕೇಳುವವರಿಗೆ ತಿಳಿಯುವುದಿಲ್ಲ.

ಕೆರೆ ಏರಿ, ಮೈಸೂರು

ತಂಬೂರಿ ಮನೆಯವರೇ, ನಿಮ್ಮ ಮಾತನ್ನು ಅಣ್ಣನಿಗೆ ಓದಿ ಹೇಳಿದೆ. “ಅಂಗೇ ಮಾಡವಾ” ಅಂದರು. ಹೋದ ಸೋಮವಾರ ಬೊಪ್ಪೇಗೌಡನಪುರಕ್ಕೆ ಹೋಗಿ ಬಂದೆವು. ಅಣ್ಣ ಮೂರು ಪದಗಳನ್ನು ಬೇಡ ಅಂದಿದ್ದಾರೆ. ಯಾಕೆ ಅಂತ ನಾವು ಕೇಳಲಿಲ್ಲ.

ನಿನ್ನೆ ಮೊದಲ ತಾಲೀಮು. ತಮಟೆಯವನ ಷಡ್ಡಕನ ಆಲೆಮನೆ ಇದೆ, ಬನ್ನೂರಿನಿಂದ ಮಳವಳ್ಳಿ ದಾರಿಯಲ್ಲಿ. ಈಗ ಗಾಣ ನಿಂತಿದೆ. ಕೊಪ್ಪರಿಗೆ ಬೋರಲು ಹಾಕಿದ್ದರು, ಅದರ ಮೇಲೆ ಗಿಟಾರಿನ ಪೆಟ್ಟಿಗೆ ಇಟ್ಟುಕೊಂಡೆವು. ಗೋಡೆಗೆಲ್ಲ ಬೆಲ್ಲದ ವಾಸನೆ ಹಿಡಿದುಹೋಗಿದೆ. ಬೆಳಗ್ಗೆ ಮಳೆ ಹನಿ ಇತ್ತು, ತಮಟೆಯ ಚರ್ಮ ಸಡಿಲಾಗಿತ್ತು. ಅವನು ಒಣಗಿದ ಕಬ್ಬಿನ ಸಿಪ್ಪೆ ಒಂದು ತೆಕ್ಕೆ ತಂದು ಬೆಂಕಿ ಹಾಕಿದ. ತಮಟೆಯನ್ನು ಬೆಂಕಿಯ ಎದುರು ಹಿಡಿದು ತಿರುಗಿಸುತ್ತಾ, ಬೆರಳಲ್ಲಿ ತಟ್ಟುತ್ತಾ ಕೂತ. ಮೊದಲು ‘ಬದ್’ ಅಂತಿತ್ತು. ಐದು ನಿಮಿಷಕ್ಕೆ ‘ಟಣ್’ ಅಂತು. ಫೈಬರ್ ಹಾಳೆಯ ತಮಟೆಗೆ ಬೆಂಕಿಯ ಕೆಲಸ ಇಲ್ಲ, ಅದೂ ಅವನ ಹತ್ತಿರ ಇದೆ. ಆದರೆ ಈ ತಂಡಕ್ಕೆ ಚರ್ಮದ್ದೇ ಅಂತ ಅವನ ಹಟ. ನನಗೂ ಅದೇ ಸರಿ ಅನಿಸುತ್ತದೆ.

ಅಣ್ಣ ತಂಬೂರಿಯ ಬಿರಡೆ ತಿರುಗಿಸಿ, ಬುರುಡೆಗೆ ಕಿವಿ ಇಟ್ಟು, ಒಂದೊಂದೇ ತಂತಿ ಕೂಡಿಸಿದರು. ಒಂದೂವರೆ ಮನೆಗಿಂತ ಸ್ವಲ್ಪ ಕೆಳಗೆ ನಿಂತಿತು. ಮಂಡ್ಯದ ಹಾರ್ಮೋನಿಯಂ ಹೇಳಿದ ಹಾಗೆ ಟ್ಯೂನರ್ ತೆಗೆಯಲಿಲ್ಲ. ಗಿಟಾರಿನ ಗೆಳೆಯ ಒಂದು ಬೇರೆ ಕೂಡಿಕೆ ಮಾಡಿಕೊಂಡ, ಡಿ-ಎ-ಡಿ-ಜಿ-ಎ-ಡಿ ಅಂತ. ಮಾಮೂಲಿ ಕೂಡಿಕೆಯಿಂದ ಮೂರು ತಂತಿ ಇಳಿಸಿದರೆ ಬರುತ್ತದೆ. ಆರನೆಯದು, ಎರಡನೆಯದು, ಒಂದನೆಯದು. ನಮ್ಮ ಲೆಕ್ಕದಲ್ಲಿ ಅದು ಸ-ಪ-ಸ-ಮ-ಪ-ಸ. ಅಂದರೆ ಕೈ ಇಡದೆ ಮೀಟಿದರೆ ಗಿಟಾರೇ ಒಂದು ತಂಬೂರಿ. ಅದನ್ನು ಹಾಗೇ ಅಣ್ಣನ ಷಡ್ಜಕ್ಕೆ ಇಳಿಸಿದ. ಸಂಜೆ ಅಣ್ಣನ ಗಂಟಲು ಕಾದಮೇಲೆ ಅವರು ಎರಡು ಮನೆಗೆ ಏರಿಸಿಕೊಂಡರು, ಇವನೂ ಜೊತೆಗೆ ಏರಿಸಿದ. ಹತ್ತು ನಿಮಿಷದ ಕೆಲಸ.

ಆದರೆ ಗಾಂಧಾರದಲ್ಲಿ ಸಿಕ್ಕಿಕೊಂಡೆವು. ಅಣ್ಣ ಆ ಪದದಲ್ಲಿ ಹಿಡಿಯುವ ಗಾಂಧಾರ ಸಾಧಾರಣವೂ (ಸಣ್ಣದು) ಅಲ್ಲ, ಅಂತರವೂ (ದೊಡ್ಡದು) ಅಲ್ಲ. ಎರಡರ ನಡುವೆ ಎಲ್ಲೋ ಇದೆ. ಗಿಟಾರಿನವನು ದೊಡ್ಡ ಗಾಂಧಾರ ಇರುವ ಮೇಜರ್ ಸ್ವರಗುಚ್ಛ (ಕಾರ್ಡ್) ಹಾಕಿದರೆ ಪದ ಸಿನಿಮಾ ಹಾಡಿನ ಹಾಗೆ ಆಗುತ್ತಿತ್ತು. ಸಣ್ಣ ಗಾಂಧಾರದ ಮೈನರ್ ಹಾಕಿದರೆ ಅಣ್ಣ ತಪ್ಪು ಹಾಡುತ್ತಿದ್ದಾರೆ ಅನ್ನುವ ಹಾಗೆ ಕೇಳುತ್ತಿತ್ತು. ಅರ್ಧ ಗಂಟೆ ಒದ್ದಾಡಿದೆವು. ಅಣ್ಣ ಬೇಜಾರು ಮಾಡಿಕೊಳ್ಳದೆ ಅದೇ ಸಾಲನ್ನು ಹತ್ತು ಸಲ ಹಾಡಿದರು. ಹತ್ತು ಸಲವೂ ಆ ಗಾಂಧಾರ ಅದೇ ಜಾಗದಲ್ಲಿ. ಒಂದು ಕೂದಲು ಆಚೀಚೆ ಇಲ್ಲ.

ಆಮೇಲೆ ಗೆಳೆಯ ಒಂದು ಕ್ಷಣ ಸುಮ್ಮನಾದ. “ಇದು ಬ್ಲೂಸ್‌ನಲ್ಲಿ ಇದೆ ಕಣೋ, ನಾನು ಇಪ್ಪತ್ತನೇ ವಯಸ್ಸಿನಿಂದ ನುಡಿಸ್ತಾ ಇದೀನಿ” ಅಂದ. ಅಮೆರಿಕದ ದಕ್ಷಿಣದಲ್ಲಿ ಹತ್ತಿ ಹೊಲದಲ್ಲಿ ದುಡಿಯುತ್ತಿದ್ದ ಕಪ್ಪು ಜನರ ಹಾಡಿನಲ್ಲೂ ಗಾಂಧಾರ ಹೀಗೆ ಎರಡರ ನಡುವೆ ನಿಲ್ಲುತ್ತದೆ, ಅವರು ಅದಕ್ಕೆ ಬ್ಲೂ ನೋಟ್ ಅನ್ನುತ್ತಾರೆ ಅಂತ ವಿವರಿಸಿದ. ಸಣ್ಣ ಗಾಂಧಾರದ ಮನೆಯಲ್ಲಿ ಬೆರಳಿಟ್ಟು ತಂತಿಯನ್ನು ಸ್ವಲ್ಪವೇ ಪಕ್ಕಕ್ಕೆ ಎಳೆದ. ಸಿಕ್ಕಿತು. ಅಣ್ಣ ಚಿಟಿಕೆ ನಿಲ್ಲಿಸಿ, “ಇನ್ನೊಂದ್ಸಲ ಎಳಿ” ಅಂದರು. ಅಷ್ಟೇ. ನನಗೆ ಮೈ ಜುಮ್ ಅಂತು.

ಈಗ ಗುಚ್ಛದಲ್ಲಿ ಗಾಂಧಾರವನ್ನೇ ತೆಗೆದಿದ್ದೇವೆ. ಷಡ್ಜ, ಪಂಚಮ ಮಾತ್ರ. ಗಾಂಧಾರ ಬೇಕಾದಾಗ ಅಣ್ಣನ ಕಂಠವೋ, ಎಳೆದ ತಂತಿಯೋ, ನನ್ನ ಪಿಟೀಲೋ ಕೊಡುತ್ತದೆ.

ಸೌಂಡ್ ಕೆಲಸದವನು

ನಾನು ಮೈಸೂರಿನಲ್ಲಿ ಧ್ವನಿವರ್ಧಕದ ಕೆಲಸ ಮಾಡುತ್ತೇನೆ. ದಸರಾ ಸಮಯದಲ್ಲಿ ಜನಪದ ತಂಡಗಳಿಗೆ ಬಹಳ ಸಲ ಮೈಕ್ ಹಾಕಿದ್ದೇನೆ. ಎರಡು ಮಾತು ಈಗಲೇ ಹೇಳಿಬಿಡುತ್ತೇನೆ, ವೇದಿಕೆಗೆ ಬಂದಮೇಲೆ ಹೇಳಿದರೆ ತಡ ಆಗುತ್ತದೆ.

ತಮಟೆ ಜೋರು ಅಂತ ಎಲ್ಲರೂ ತಮಟೆಯವರನ್ನು ಹಾಡುವವರ ಹಿಂದೆ ನಿಲ್ಲಿಸುತ್ತಾರೆ. ಅದು ತಪ್ಪು ಜಾಗ. ಹಾಡುವ ಮೈಕಿನ ಬಾಯಿ ಹಾಡುಗಾರರ ಕಡೆ ಇರುತ್ತದೆ. ಅವರ ಹಿಂದಿನ ಸದ್ದು ನೇರ ಆ ಬಾಯಿಗೇ ಬೀಳುತ್ತದೆ. ಈ ಮೈಕುಗಳು ಕಡಿಮೆ ಕೇಳಿಸಿಕೊಳ್ಳುವುದು ತಮ್ಮ ಬೆನ್ನ ಕಡೆಯಿಂದ. ಅದಕ್ಕೆ ಎಲ್ಲರೂ ಅರ್ಧ ಚಂದ್ರದ ಹಾಗೆ ನಿಲ್ಲಿ. ಅಣ್ಣ ನಡುವೆ, ತಮಟೆ ತುದಿಯಲ್ಲಿ, ಒಂದೆರಡು ಹೆಜ್ಜೆ ಮುಂದೆ, ಅಣ್ಣನ ಮುಖ ಕಾಣುವ ಹಾಗೆ. ಆಗ ಮೈಕಿನ ಬೆನ್ನು ತಮಟೆ ಕಡೆ ಬರುತ್ತದೆ. ಅಣ್ಣನ ಉಸಿರು ನೋಡಿ ಬಾರಿಸುವುದೂ ಸುಲಭ. ಚಿಕ್ಕ ಸಭಾಂಗಣದಲ್ಲಿ ತಮಟೆಗೂ ಕಂಸಾಳೆಗೂ ಮೈಕ್ ಬೇಡವೇ ಬೇಡ.

ತಂಬೂರಿಯ ಬುರುಡೆ ಟೊಳ್ಳು. ಹಾಡುವವರಿಗೆ ಕೇಳಲಿ ಅಂತ ಮುಂದೆ ಇಟ್ಟ ಮಾನಿಟರ್ ಸ್ಪೀಕರಿನ ಸದ್ದು ಅದರೊಳಗೆ ಹೋಗಿ ‘ಹೂಂ’ ಅಂತ ಕೂಗಲು ಶುರು ಮಾಡುತ್ತದೆ. ತಂತಿ ಕೂರುವ ಕುದುರೆಯ ಹತ್ತಿರ ಅಂಟಿಸುವ, ವಾದ್ಯದ ಕಂಪನವನ್ನೇ ಹಿಡಿಯುವ ಚಿಕ್ಕ ಪಿಕಪ್ ಬರುತ್ತದೆ, ಅದನ್ನು ಹಾಕಿ. ಮೇಣದಲ್ಲಿ ಅಂಟಿಸಿ, ಗಮ್ ಬೇಡ, ಮರಕ್ಕೆ ಪೆಟ್ಟಾಗುತ್ತದೆ. 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕಡಿಮೆ ಮಾಡಲು ಮಿಕ್ಸರಿನವರಿಗೆ ಹೇಳಿ.

ಇನ್ನೊಂದು. ಯಾರಾದರೂ ಡ್ರಮ್ಸ್‌ಗೆ ಕ್ಲಿಕ್ (ಒಂದೇ ವೇಗದಲ್ಲಿ ಕಿವಿಯಲ್ಲಿ ಬಡಿಯುವ ಸದ್ದು) ಹಾಕಿಕೊಂಡು ನುಡಿಸಿ ಅಂದರೆ ಒಪ್ಪಬೇಡಿ. ಈ ಪದಗಳು ನಿಧಾನಕ್ಕೆ ಶುರುವಾಗಿ ಏರುತ್ತಾ ಹೋಗುತ್ತವೆ. ಕ್ಲಿಕ್ ಹಾಕಿದರೆ ಆ ಏರು ಸತ್ತುಹೋಗುತ್ತದೆ.

ಹೊಳೆ ದಂಡೆ, ಶ್ರೀರಂಗಪಟ್ಟಣ

ನಿಮ್ಮ ಉತ್ಸಾಹಕ್ಕೆ ಅಡ್ಡ ಬರಲು ಬರೆಯುತ್ತಿಲ್ಲ. ಆದರೂ ಮನಸ್ಸಿನ ಮಾತು ಹೇಳಬೇಕು. ತಂಬೂರಿ, ಚಿಟಿಕೆ, ಗಗ್ಗರ, ಕಂಸಾಳೆ, ತಮಟೆ ಇಷ್ಟೆಲ್ಲ ಇರುವಾಗ ಗಿಟಾರು ಯಾಕೆ ಬೇಕು? ಬೆಂಗಳೂರಿನಲ್ಲಿ ಜನಪದ ಅಂತ ಹೇಳಿ ಮಾಡುವ ಎಷ್ಟೋ ಕಾರ್ಯಕ್ರಮ ನೋಡಿದ್ದೇನೆ. ಮುಂದೆ ಗಿಟಾರು, ಡ್ರಮ್ಸ್, ಬೆಳಕು. ಮೂಲೆಯಲ್ಲಿ ಪೇಟ ಸುತ್ತಿದ ಒಬ್ಬ ತಾತ, ಅವರ ಮೈಕ್ ಕೇಳುವುದೇ ಇಲ್ಲ. ನೋಡಿ ಕಣ್ಣಲ್ಲಿ ನೀರು ಬಂತು ನನಗೆ. ನಿಮ್ಮ ಅಣ್ಣನಿಗೆ ಹಾಗೆ ಆಗಬಾರದು.

ಕೆರೆ ಏರಿ, ಮೈಸೂರು

ಹೊಳೆ ದಂಡೆಯವರೇ, ಇದನ್ನು ನೀವು ಹೇಳಿದ್ದು ಒಳ್ಳೆಯದಾಯ್ತು. ನಮ್ಮಲ್ಲೂ ಈ ಚರ್ಚೆ ಆಗಿದೆ. ಕೇಳಿದ್ದು ಬೇರೆ ಯಾರೂ ಅಲ್ಲ, ಗಿಟಾರಿನವನೇ: “ನಾನು ಬೇಕಾ?” ಅಂತ.

ನಾನು ಪಿಟೀಲಿನವನು, ಅದರ ಮಾತು ಹೇಳುತ್ತೇನೆ. ಪಿಟೀಲು ಯುರೋಪಿನದು. ನಮ್ಮ ಸಂಗೀತಕ್ಕೆ ಬಂದು ಇನ್ನೂರು ವರ್ಷ ಆಗಿರಬಹುದು ಅಷ್ಟೇ. ಹಾರ್ಮೋನಿಯಮ್ಮೂ ಅಲ್ಲಿಂದ ಬಂದದ್ದೇ. ಇಲ್ಲೇ ತಿರುಮಕೂಡಲಿನ ಚೌಡಯ್ಯನವರು ಪಿಟೀಲಿಗೆ ನಾಲ್ಕು ತಂತಿ ಸಾಲದು ಅಂತ ಏಳು ತಂತಿ ಕಟ್ಟಿದರು, ಹಿಂದೆ ಕೂತವರಿಗೂ ಕೇಳಲಿ ಅಂತ. ಈಗ ಪಿಟೀಲನ್ನು ಹೊರಗಿನದು ಅಂತ ಮೈಸೂರಿನಲ್ಲಿ ಯಾರೂ ಅನ್ನುವುದಿಲ್ಲ. ಅರಮನೆಯಲ್ಲಿ ದಸರಾಗೆ ಕರ್ನಾಟಕ ವಾದ್ಯವೃಂದ, ಇಂಗ್ಲಿಷ್ ಬ್ಯಾಂಡು ಎರಡನ್ನೂ ಕೇಳಿ ಬೆಳೆದವರು ನಾವು. ವಾದ್ಯ ಎಲ್ಲಿಂದ ಬಂತು ಅನ್ನುವುದು ನನಗೆ ದೊಡ್ಡ ವಿಷಯ ಅಲ್ಲ. ನೀವು ಹೇಳಿದ ಮೂಲೆಯ ತಾತ, ಅದು ದೊಡ್ಡ ವಿಷಯ.

ಅದಕ್ಕೆ ನಮ್ಮಲ್ಲಿ ಈಗ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇವೆ. ಪದ ಶುರು ಮಾಡುವುದು ಅಣ್ಣ. ಅವರು ಎಷ್ಟು ಹೊತ್ತು ಒಬ್ಬರೇ ಹಾಡುತ್ತಾರೋ ಅಷ್ಟು ಹೊತ್ತು ನಾವು ಸುಮ್ಮನಿರಬೇಕು. ತಂಬೂರಿ ಕೇಳದಷ್ಟು ಯಾರೂ ನುಡಿಸುವ ಹಾಗಿಲ್ಲ. ಇದು ಶ್ರುತಿಗೂ ಲಯಕ್ಕೂ ಒಂದೇ ನಿಯಮ. ತಾಲೀಮಿನಲ್ಲಿ ತಮಟೆಯವನು ಅಭ್ಯಾಸ ಬಲದಿಂದ ನಾಲ್ಕರ ನಡೆ ಹಾಕಿದ್ದ, ಪದ ಆರರ ನಡೆಯಲ್ಲಿತ್ತು. ಅಣ್ಣ ನಿಲ್ಲಿಸಲಿಲ್ಲ, ಹಾಡುತ್ತಲೇ ಕಾಲಲ್ಲಿ ನೆಲ ತಟ್ಟಿ ತೋರಿಸಿದರು. ಇವನು ಬಿಟ್ಟು, ಕೇಳಿ, ಮೂರನೇ ಸೊಲ್ಲಿಗೆ ಬಂದು ಸೇರಿದ. ಡ್ರಮ್ಸ್ ಬೇಡ ಅಂತ ಅವನೇ ತೀರ್ಮಾನ ಮಾಡಿದ್ದಾನೆ. ಎರಡು ಪದ ಗಿಟಾರು, ಪಿಟೀಲು ಎರಡೂ ಇಲ್ಲದೆ ನಡೆಯುತ್ತವೆ. ಆಗ ನಾನೂ ಗಿಟಾರಿನವನೂ ಹಿಮ್ಮೇಳದಲ್ಲಿ ಸೊಲ್ಲು ಹಿಡಿಯುತ್ತೇವೆ.

ಸೋಬಾನೆ ಮನೆ, ಪಾಂಡವಪುರ

ಎಲ್ಲ ಓದಿದೆ. ಐದು ಜನ ಅಂದಿರಿ, ಐದೂ ಗಂಡಸರು. ಇದು ದೂರು ಅಲ್ಲ, ಕೇಳಬೇಕು ಅನಿಸಿತು.

ನಮ್ಮವ್ವನಿಗೆ 71. ಸೋಬಾನೆ, ರಾಗಿ ಬೀಸುವ ಪದ, ಕೋಲಾಟದ ಪದ ಹಾಡುತ್ತಾರೆ. ನಾಟಿ ಹಾಕುವಾಗ ಹಾಡಿದ್ದು, ಮದುವೆ ಮನೆಯಲ್ಲಿ ಹಾಡಿದ್ದು. ಅವರಿಗೆ ಅದು ಸಂಗೀತ ಅಂತಲೇ ಅನಿಸಿಲ್ಲ, ಕೆಲಸದ ಜೊತೆ ಬರುವುದು. ಕೆಲವು ವರ್ಷದ ಹಿಂದೆ ಒಂದು ಸ್ಟುಡಿಯೋದವರು ಬಂದು ಎರಡು ದಿನ ಹಾಡಿಸಿ ಮುದ್ರಿಸಿಕೊಂಡು ಹೋದರು. ಒಂದು ಸೀರೆ ಕೊಟ್ಟರು. ಆಮೇಲೆ ಅದೇ ಹಾಡು, ಅದೇ ದನಿ, ಕೆಳಗೆ ಬೇರೆ ಸಂಗೀತ ಸೇರಿಸಿ ಯೂಟ್ಯೂಬಿನಲ್ಲಿ ಬಂತು. ಹಾಡಿದವರ ಹೆಸರು ಎಲ್ಲೂ ಇಲ್ಲ. ನನ್ನ ಮಗಳು ಮೊಬೈಲಿನಲ್ಲಿ ಹಾಕಿ ತೋರಿಸಿದಾಗ ಅವ್ವ, “ಇದು ನಾನೇ ಅಲ್ವೇನೇ?” ಅಂತ ಕೇಳಿದರು. ನನಗೆ ಉತ್ತರ ಹೇಳಲು ಆಗಲಿಲ್ಲ.

ನೀವು ಮುದ್ರಣ ಮಾಡುವುದಾದರೆ ಮೊದಲು ಹೆಸರು ಬರೆಯಿರಿ. ಅದನ್ನು ಹೇಳಲು ಬರೆದೆ.

ಶ್ರುತಿ ಬಗ್ಗೆಯೂ ಒಂದು ಮಾತು. ನಾನು ಸ್ವಲ್ಪ ಸಂಗೀತ ಕಲಿತಿದ್ದೇನೆ. ಅವ್ವನ ಷಡ್ಜ ಸುಮಾರು ಐದೂವರೆ ಮನೆಯಲ್ಲಿ ಬರುತ್ತದೆ. ನಿಮ್ಮ ಅಣ್ಣ ಒಂದೂವರೆ ಮನೆಯ ಹತ್ತಿರ ಅಂದಿರಿ. ಅವರ ಪಂಚಮವೇ ನಮ್ಮವ್ವನ ಷಡ್ಜ. ಷಡ್ಜ, ಪಂಚಮ ಎರಡನ್ನೇ ಮೀಟುತ್ತಾರೆ ಅಂದಿರಲ್ಲ ಗಿಟಾರಿನವರು, ಅದರ ಮೇಲೆ ಇಬ್ಬರೂ ಹಾಡಬಹುದು.

ಸರಸ್ವತಿಪುರಂ ವಕೀಲ

ಪಾಂಡವಪುರದ ಅಕ್ಕ ಬರೆದದ್ದಕ್ಕೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಜನಪದ ಹಾಡಿಗೆ ಕರ್ತೃ ಇಲ್ಲ, ಆದ್ದರಿಂದ ಯಾರು ಏನು ಬೇಕಾದರೂ ಮಾಡಬಹುದು ಅಂತ ಒಂದು ನಂಬಿಕೆ ಇದೆ. ಅದು ಅರ್ಧ ಸರಿ. ಹಾಡಿನ ಮೇಲೆ ಹಕ್ಕು ಇಲ್ಲದಿರಬಹುದು, ಹಾಡಿದ ದನಿಯ ಮೇಲೆ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೇ ಪ್ರದರ್ಶಕರ ಹಕ್ಕು ಅಂತ ಇದೆ, 38ನೇ ಸೆಕ್ಷನ್, 50 ವರ್ಷದ ತನಕ. 2012ರ ತಿದ್ದುಪಡಿಯಲ್ಲಿ ಇನ್ನೂ ಒಂದು ಬಂತು: ಪ್ರದರ್ಶನ ತನ್ನದು ಅಂತ ಗುರುತಿಸಿಕೊಳ್ಳುವ ಹಕ್ಕು, ಅದನ್ನು ಕೆಡಿಸಿದರೆ ತಡೆಯುವ ಹಕ್ಕು. ಹಾಡಿದವರ ಒಪ್ಪಿಗೆ ಇಲ್ಲದೆ ಮುದ್ರಿಸುವಂತಿಲ್ಲ. ಮುದ್ರಿಸಿದ ಧ್ವನಿಗೆ ಬೇರೆ ಹಕ್ಕು, ಅದು 60 ವರ್ಷ, ಸಾಮಾನ್ಯವಾಗಿ ದುಡ್ಡು ಹಾಕಿ ಮುದ್ರಿಸಿದವರದ್ದು. ಮೋಸ ಆಗುವುದು ಇಲ್ಲೇ. ಸ್ಟುಡಿಯೋದವರು ಒಂದು ಕಾಗದಕ್ಕೆ ಹೆಬ್ಬೆಟ್ಟು ಹಾಕಿಸಿಕೊಳ್ಳುತ್ತಾರೆ, ಏನು ಬರೆದಿದೆ ಅಂತ ಯಾರೂ ಓದಿ ಹೇಳುವುದಿಲ್ಲ.

ನಿಮ್ಮ ತಂಡದ್ದಕ್ಕೆ ಒಂದು ಪುಟದ ಒಪ್ಪಂದ ಕನ್ನಡದಲ್ಲೇ ಬರೆದುಕೊಳ್ಳಿ. ಯಾರು ಹಾಡಿದ್ದು, ಯಾರು ನುಡಿಸಿದ್ದು, ಬಂದದ್ದರಲ್ಲಿ ಯಾರಿಗೆಷ್ಟು. ಹಾಡು ಕಲಿಸಿದವರ ಹೆಸರನ್ನೂ ಬರೆಯಿರಿ. ಎಲ್ಲರ ಎದುರು ಜೋರಾಗಿ ಓದಿ, ಆಮೇಲೆ ಸಹಿ. ಅಕ್ಕ, ನಿಮ್ಮವ್ವನ ವಿಷಯಕ್ಕೆ ನನಗೆ ಬೇರೆಯಾಗಿ ಬರೆಯಿರಿ, ಶುಲ್ಕದ ಮಾತು ಬೇಡ.

ಮಂಡ್ಯದ ಹಾರ್ಮೋನಿಯಂ

ದುಡ್ಡಿನ ಮಾತು ಬಂತಲ್ಲ, ಸೇರಿಸುತ್ತೇನೆ. ನಾವು ಆರು ಜನ ಸ್ನೇಹಿತರು ಸೇರಿ ಒಂದು ತಂಡ ಮಾಡಿದ್ದೆವು. ಹಾಡಿನ ವಿಷಯಕ್ಕೆ ಒಂದು ದಿನವೂ ಜಗಳ ಆಗಲಿಲ್ಲ. ಒಡೆದದ್ದು ಒಂದು ಮಿಕ್ಸರಿಗೆ. ಎಲ್ಲರೂ ದುಡ್ಡು ಹಾಕಿ ತಗೊಂಡಿದ್ದು. ಒಬ್ಬ ಬಿಟ್ಟುಹೋಗುವಾಗ ಅವನ ಪಾಲು ಎಷ್ಟು ಅಂತ ಬಂತು. ಹಳೇ ಬೆಲೆಯಾ, ಈಗಿನ ಬೆಲೆಯಾ? ಅವತ್ತು ಆಡಿದ ಮಾತುಗಳಿಗೆ ಹನ್ನೊಂದು ವರ್ಷ ಆಯ್ತು, ಇನ್ನೂ ಇಬ್ಬರು ಎದುರು ಸಿಕ್ಕರೆ ಮುಖ ತಿರುಗಿಸುತ್ತಾರೆ.

ಆದ್ದರಿಂದ ಸಾಮಾನು ಯಾರಾದರೂ ಒಬ್ಬರ ಹೆಸರಲ್ಲಿ ಇರಲಿ, ತಂಡ ಬಾಡಿಗೆ ಕೊಡಲಿ. ಬಂದ ದುಡ್ಡಲ್ಲಿ ಮೊದಲು ಓಡಾಟದ ಖರ್ಚು ತೆಗೆಯಿರಿ. ಕೂಲಿ ಬಿಟ್ಟು ಬರುವವರಿಗೆ ಆ ದಿನದ ಕೂಲಿ ತೆಗೆಯಿರಿ. ಮೈಸೂರಿನಲ್ಲಿ ಪಿಂಚಣಿ ಬರುವವರಿಗೂ ಹಳ್ಳಿಯಿಂದ ಕೂಲಿ ಬಿಟ್ಟು ಬರುವವರಿಗೂ ಒಂದು ಭಾನುವಾರ ಒಂದೇ ಅಲ್ಲ. ಉಳಿದದ್ದನ್ನು ಸಮ ಹಂಚಿ. ತಾಲೀಮಿಗೂ ಕೂಲಿ ಕೊಡಿ, ಕಾರ್ಯಕ್ರಮಕ್ಕೆ ಮಾತ್ರ ಅಲ್ಲ.

ತಂಬೂರಿ ಮನೆಯವನು, ಮಳವಳ್ಳಿ ತಾಲ್ಲೂಕು

ಹೌದು, ತಾಲೀಮಿನ ಕೂಲಿ. ನಮ್ಮಪ್ಪನಿಗೆ ಯಾರೂ ಕೊಟ್ಟಿರಲಿಲ್ಲ.

ಹಳೇ ಹಾಡುಗಾರಿಕೆ ಕೇಳಬೇಕು ಅನ್ನುವವರಿಗೆ: ರಾಮನಗರದ ಜಾನಪದ ಲೋಕಕ್ಕೆ ಒಮ್ಮೆ ಹೋಗಿ. 1994ರಲ್ಲಿ ಶುರುವಾದದ್ದು, ಕಟ್ಟಿದವರು ನಮ್ಮ ನಾಗಮಂಗಲದ ಕಡೆಯ ಎಚ್.ಎಲ್. ನಾಗೇಗೌಡರು. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲೂ ಜಾನಪದ ವಸ್ತು ಸಂಗ್ರಹಾಲಯ 1968ರಿಂದ ಇದೆ. ಆದರೂ ಮೊದಲು ಮನೆಯಲ್ಲಿರುವ ಅಜ್ಜಿ ತಾತಂದಿರನ್ನು ಕೇಳಿ. ಸಂಗ್ರಹಾಲಯ ನಾಳೆಯೂ ಇರುತ್ತದೆ.

ಕೆರೆ ಏರಿ, ಮೈಸೂರು

ತುಂಬಾ ದಿನ ಆಯ್ತು ಬರೆದು. ಹೇಳುವುದು ಬಹಳ ಇದೆ.

ಒಪ್ಪಂದ ಬರೆದೆವು. ಒಂದು ಪುಟ, ಕನ್ನಡದಲ್ಲಿ. ಕಂಸಾಳೆ ತಮ್ಮ ಜೋರಾಗಿ ಓದಿದ. ತಾಲೀಮಿನ ಕೂಲಿಗೆ ನಾವು ಮೈಸೂರಿನ ಇಬ್ಬರು ಸದ್ಯಕ್ಕೆ ಕೈಯಿಂದ ಹಾಕುತ್ತೇವೆ, ಕಾರ್ಯಕ್ರಮ ಬಂದಮೇಲೆ ತಂಡದ ದುಡ್ಡಿನಿಂದ. ಅಣ್ಣ ಮೊದಲು ಬೇಡ ಅಂದರು. “ನಂಗ್ಯಾಕಪ್ಪ, ನಾನ್ ಆಡಕ್ ಬರದು” ಅಂದರು. ತಮಟೆಯವನು, “ಅಣ್ಣಾ, ಅವತ್ತಿನ ಗೇಯ್ಮೆ ಹೋಯ್ತದಲ್ಲ” ಅಂದಮೇಲೆ ಸುಮ್ಮನೆ ತೆಗೆದುಕೊಂಡರು.

ಪಾಂಡವಪುರದ ಅಕ್ಕನ ಮಾತು ನಮಗೆ ನಾಟಿತು. ಮಾರನೇ ವಾರವೇ ಅವರ ಮನೆಗೆ ಹೋದೆವು. ಅವ್ವ ಮೊದಲು ಹಾಡಲಿಲ್ಲ. ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಊಟ ಆದಮೇಲೆ ಮೊರ ಹಿಡಿದು ಅವರೆಕಾಳು ಕೇರುತ್ತಾ ಕೂತರು. ಆ ಕೇರುವ ಸದ್ದಿಗೇ ಒಂದು ಪದ ಶುರುವಾಯ್ತು. ಅಣ್ಣ ತಂಬೂರಿ ಕೂಡಿಸಿಕೊಂಡು ಮೆಲ್ಲಗೆ ಮೀಟಿದರು. ಅವರ ಪಂಚಮ, ಅವ್ವನ ಷಡ್ಜ, ಅಕ್ಕ ಹೇಳಿದ ಹಾಗೇ ಕೂಡಿತು. ಮೊರದ ಸದ್ದನ್ನು ನಿಲ್ಲಿಸಬೇಡಿ ಅಂತ ಗಿಟಾರಿನವನು ಕೈಸನ್ನೆ ಮಾಡಿದ. ಈಗ ನಮ್ಮ ಪಟ್ಟಿಯಲ್ಲಿ ಮೊರವೂ ಒಂದು ವಾದ್ಯ. ಅವ್ವ ತಂಡಕ್ಕೆ ಬರುತ್ತೇನೆ ಅಂದಿದ್ದಾರೆ, ರಾತ್ರಿ ಹತ್ತಕ್ಕೆ ಮನೆಗೆ ಬಿಡಬೇಕು ಅನ್ನುವ ಒಪ್ಪಂದದ ಮೇಲೆ. ಅದನ್ನೂ ಪುಟದಲ್ಲಿ ಸೇರಿಸಿದ್ದೇವೆ.

ಮೊದಲ ಕಾರ್ಯಕ್ರಮ ಮೈಸೂರಿನಲ್ಲಿ ಮಾಡಲಿಲ್ಲ. ಅಣ್ಣನ ಊರಿನಲ್ಲಿ, ಅವರ ಮನೆ ಮುಂದಿನ ಜಗಲಿಯಲ್ಲಿ ಮಾಡಿದೆವು. ಊರವರು ಒಪ್ಪದಿದ್ದರೆ ಪಟ್ಟಣಕ್ಕೆ ಒಯ್ಯಬಾರದು ಅಂತ ಎಲ್ಲರ ಮನಸ್ಸಿನಲ್ಲಿತ್ತು. ಮೈಕ್ ಇರಲಿಲ್ಲ. ಅರ್ಧ ಚಂದ್ರದ ಹಾಗೆ ಕೂತೆವು. ಅರವತ್ತು ಎಪ್ಪತ್ತು ಜನ ಸೇರಿದ್ದರು. ಗಿಟಾರನ್ನು ನೋಡಿ ಹುಡುಗರು ಮೊದಲು ನಕ್ಕರು, ಆಮೇಲೆ ಹತ್ತಿರ ಬಂದು ಕೂತರು. ಅವ್ವ ಎರಡು ಸೋಬಾನೆ ಹಾಡಿದಾಗ ಜನರ ನಡುವಿನಿಂದ ನಾಲ್ಕೈದು ಹೆಂಗಸರು ತಾವೇ ಹಿಂದೆ ಹಿಡಿದರು, ನಾವು ಹಿಮ್ಮೇಳದವರು ಬಾಯಿ ಮುಚ್ಚಿಕೊಂಡು ಕೇಳಿದೆವು.

ಸಂಕಮ್ಮನ ಸಾಲಿನ ಒಂದು ಘಟ್ಟ ತೆಗೆದುಕೊಂಡಿದ್ದೆವು, ಇಪ್ಪತ್ತೈದು ನಿಮಿಷ. ಮಾತಿನ ಭಾಗವನ್ನು ಬಿಡಲಿಲ್ಲ. ಮುಗಿಯಿತು ಅಂತ ನಾವು ವಾದ್ಯ ಕೆಳಗಿಟ್ಟೆವು. ಕಂಬಕ್ಕೆ ಒರಗಿ ಕೂತಿದ್ದ ಒಬ್ಬ ಅಜ್ಜಿ, “ಯಾಕಪ್ಪ ನಿಲ್ಸುದ್ರಿ? ಮಗೀನ ಅಲ್ಲೇ ಬುಟ್ರಲ್ಲ. ಮುಂದ್ಲುದ್ನ ಆಡಿ” ಅಂದರು. ನಮಗೆ ಮುಂದಿನದು ಬರುತ್ತಿರಲಿಲ್ಲ, ಕಲಿತಿರಲೇ ಇಲ್ಲ. ಅಣ್ಣ ನಮ್ಮ ಕಡೆ ನೋಡಿದರು. ಒಂದು ಗುಟುಕು ನೀರು ಕುಡಿದು, ತಂಬೂರಿ ಮತ್ತೆ ಹೆಗಲಿಗೆ ಏರಿಸಿಕೊಂಡು ಮುಂದಕ್ಕೆ ಹಾಡಿದರು. ಅವ್ವನನ್ನು ಬನ್ನೂರಿನವರು ಕಾರಿನಲ್ಲಿ ಹತ್ತು ಗಂಟೆಗೆ ಮನೆ ಮುಟ್ಟಿಸಿದರು. ಉಳಿದವರು ಕೂತೆವು. ಗಿಟಾರಿನವನು ಬಹಳ ಹೊತ್ತಿನ ಮೇಲೆ ಒಂದು ತಂತಿ ಮೀಟಲು ಶುರು ಮಾಡಿದ, ಅವತ್ತು ತಿಥಿಯ ರಾತ್ರಿ ಮೀಟಿದ ಹಾಗೆ. ಅಣ್ಣ ನಿಲ್ಲಿಸಿದಾಗ ನಾಲ್ಕು ಗಂಟೆ. ಅಜ್ಜಿ ಇನ್ನೂ ಕೂತಿದ್ದರು.

ಈಗ ಆ ಸಾಲನ್ನು ಮುಂದಕ್ಕೆ ಕಲಿಯುತ್ತಿದ್ದೇವೆ. ಅಣ್ಣ ಹೇಳಿದ್ದನ್ನು ಕಂಸಾಳೆ ತಮ್ಮ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾನೆ, 34 ಪುಟ ಆಗಿದೆ. ಬರುವ ಭಾನುವಾರ ಬೆಳಗ್ಗೆ ಹತ್ತಕ್ಕೆ ಆಲೆಮನೆಯಲ್ಲಿ ಮತ್ತೆ ತಾಲೀಮು. ಸೌಂಡ್ ಕೆಲಸದವರು ತಂಬೂರಿಗೆ ಪಿಕಪ್ ಹಾಕಿ ನೋಡಲು ಬರುತ್ತೇನೆ ಅಂದಿದ್ದಾರೆ. ಹೊಳೆ ದಂಡೆಯವರೇ, ನೀವೂ ಬನ್ನಿ. ತಂಬೂರಿ ಕೇಳುತ್ತದೋ ಇಲ್ಲವೋ ಅಂತ ಹಿಂದೆ ನಿಂತು ಹೇಳುವವರು ಒಬ್ಬರು ಬೇಕು.

ಹೊಳೆ ದಂಡೆ, ಶ್ರೀರಂಗಪಟ್ಟಣ

ಬರುತ್ತೇನೆ. ಹತ್ತಕ್ಕೆ ಅಲ್ಲಿರುತ್ತೇನೆ.